ನಾಲ್ಕನೆಯ ಕೂಗು

ಆ ಗಂಟಲು ಆ ಮೈಗೆ ಸೇರಿದ್ದಲ್ಲ ಎಂದು ಮೊದಲ ಸಲ ಕೇಳಿದವರಿಗೆಲ್ಲ ಅನ್ನಿಸುತ್ತಿತ್ತು. ಆಳು ಗಿಡ್ಡ, ಸಣಕಲು. ಬಿಳಿ ಟೊಪ್ಪಿಗೆ ಹಣೆಯ ಮೇಲೆ ಇಳಿದು ವಿಭೂತಿಯ ಮೇಲಿನ ಗೆರೆಯನ್ನು ಸದಾ ಮುಚ್ಚಿರುತ್ತಿತ್ತು. ಆದರೆ ಬಾಯಿ ತೆರೆದರೆ ನಮ್ಮ ಆಫೀಸಿನ ಹಿಂದಿನ ಓಣಿಯಲ್ಲಿ ಮಲಗಿದ ನಾಯಿ ಎದ್ದು ನಿಲ್ಲುತ್ತಿತ್ತು. ಆಳಂದ, ಅಫಜಲಪುರ, ಜೇವರ್ಗಿ ಎಂದು ಸುತ್ತುತ್ತ ಕೋರ್ಟುಗಳಲ್ಲಿ ದಲಾಯತರಾಗಿ ನೌಕರಿ ಮಾಡಿ ನಿವೃತ್ತರಾದವರು ಅವರು. ನ್ಯಾಯಾಧೀಶರ ಕೊಠಡಿಯ ಬಾಗಿಲಲ್ಲಿ ನಿಂತು ವಾದಿ, ಪ್ರತಿವಾದಿ, ಸಾಕ್ಷಿಗಳ ಹೆಸರು ಕೂಗುವುದು ಅವರ ಕೆಲಸವಾಗಿತ್ತು. ಅದಕ್ಕೆ ಅವರು ಪುಕಾರು ಎನ್ನುತ್ತಿದ್ದರು.

ನೌಕರಿ ಮುಗಿದರೂ ಬಾಗಿಲು ಅವರನ್ನು ಬಿಡಲಿಲ್ಲ. ಯಾರ ಮನೆಗೆ ಹೋದರೂ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ ಇಟ್ಟು ಓರೆಯಾಗಿ ನಿಲ್ಲುತ್ತಿದ್ದರು. ಹೆಸರು ಹಿಡಿದು ಕರೆಯುವ ತನಕ ಒಳಗೆ ಬಂದು ಕೂಡುತ್ತಿರಲಿಲ್ಲ. ನಾನು ಆಳಂದದಲ್ಲಿ ಒಂದು ರೈತ ಉತ್ಪಾದಕರ ಕಂಪನಿಯ ಆಫೀಸು ನೋಡಿಕೊಳ್ಳುತ್ತೇನೆ. ಅವರು ತಮ್ಮ ಊರು ನಿಂಬರ್ಗಾದಿಂದ ಮೊದಲ ಸಲ ಬಂದಾಗ ನಾನು ಯಾವುದೋ ಕಾಗದದಲ್ಲಿ ಮುಳುಗಿದ್ದೆ. ಇವರು ಸುಮ್ಮನೆ ಬಾಗಿಲಲ್ಲೇ ನಿಂತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಅದು ಊರಿಗೇ ಗೊತ್ತಿರುವ ವಿಷಯ. ಒಳಗೆ ಬರಲು ಆಮಂತ್ರಣ ಪತ್ರಿಕೆ ಹಂಚಬೇಕೇನು ಕಾಕಾ ಎಂದು ಸಿಡುಕಿದೆ.

"ನೀವು ಕರದಿಲ್ಲಲ್ರಿ ಅಕ್ಕೋರ" ಎಂದರು, ಬಹಳ ಸಮಾಧಾನದಿಂದ.

ಕೋರ್ಟಿನಲ್ಲಿ ಮೂರು ಕೂಗಿಗೆ ಆಟ ಮುಗಿಯಿತು. ಮೂರು ಸಲ ಹೆಸರು ಕೂಗಿದ ಮೇಲೂ ಆಸಾಮಿ ಬರದಿದ್ದರೆ ಗೈರುಹಾಜರು ಎಂದು ಬರೆದುಕೊಳ್ಳುತ್ತಾರೆ; ಅವನಿಲ್ಲದೆಯೇ ತೀರ್ಪು ಆಗಬಹುದು. ಒಂದು ಸಲ ಇವರಿಗೆ ಜ್ವರದಲ್ಲಿ ಗಂಟಲು ಕಟ್ಟಿತ್ತಂತೆ. ಯಾವ ಊರಿನ ಕೋರ್ಟು ಎಂದು ಮಾತ್ರ ಯಾರು ಕೇಳಿದರೂ ಹೇಳಲಿಲ್ಲ. ಮೂರು ಸಲ ಕೂಗಿದರು, ದನಿ ಅಂಗಳ ದಾಟಲಿಲ್ಲ. ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ಕುಳಿತಿದ್ದ ಒಬ್ಬನಿಗೆ ತನ್ನ ಹೆಸರು ಕೇಳಲಿಲ್ಲ. ಸಂಜೆ ಅವನು ಬಂದು, ನನ್ನ ಪುಕಾರು ಯಾವಾಗ ಎಂದು ಇವರನ್ನೇ ಕೇಳಿದ. ಅಷ್ಟರಲ್ಲಿ ಅವನ ಹೊಲದ ಹಾದಿಯ ದಾವೆ ಅವನ ಕೈಬಿಟ್ಟಾಗಿತ್ತು.

ಅಂದಿನಿಂದ ಇವರು ನಾಲ್ಕು ಸಲ ಕೂಗತೊಡಗಿದರು. ಎಡಗೈಯನ್ನು ಕಿವಿಗೆ ಹಚ್ಚಿಕೊಂಡು ಮೂರು ಸಲ ಬಿರುಸಾಗಿ. ಆಮೇಲೆ ಮೆಟ್ಟಿಲಿಳಿದು, ಗಿಡದ ಕಡೆ ಮುಖ ಮಾಡಿ, ಸ್ವಲ್ಪ ತಡೆದು, ಎಳೆದು ನಾಲ್ಕನೆಯದು. ಹೊಸದಾಗಿ ಬಂದ ನ್ಯಾಯಾಧೀಶರೊಬ್ಬರು ಇದೇನು ಹೊಸ ಪದ್ಧತಿ ಎಂದು ಗದರಿದಾಗ ಇವರು ಕೊಟ್ಟ ಉತ್ತರವನ್ನು ಇಲ್ಲಿನ ವಕೀಲರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

"ಮೂರು ಸರ್ಕಾರದ್ದು ಸಾಹೇಬ್ರ. ನಾಕನೇದು ನಂದು."

ನಗುವವರು ಬೇವಿನ ಗಿಡದ ಕೆಳಗಿನವನ ಕತೆ ಗೊತ್ತಿಲ್ಲದವರು.

ಅವರು ನಮ್ಮ ಆಫೀಸಿಗೆ ಬರುವಂತಾದದ್ದು ಮಳೆಯ ದೆಸೆಯಿಂದ. ನಮ್ಮ ಕಡೆ ಮಳೆ ಹೊಲ ನೋಡಿಕೊಂಡು ಬೀಳುತ್ತದೆ. ಒಂದು ಊರಲ್ಲಿ ತೊಗರಿ ತೋಯ್ದು ತೊಪ್ಪೆಯಾದರೆ ಪಕ್ಕದ ಊರಲ್ಲಿ ಧೂಳು. ಹೀಗಾಗಿ ಮಳೆಯ ವಿಮೆ ಎಂದರೆ ಪ್ರತಿ ವರ್ಷವೂ ಜಗಳ. ಮಳೆ ಎಷ್ಟು ಬಿತ್ತು ಎಂದು ಯಾರ ಮಾತು ನಂಬುವುದು? ಇದಕ್ಕೆ ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ಲೆಕ್ಕಪುಸ್ತಕದಲ್ಲಿ ಮದ್ದಿದೆ ಎಂದು ಹೊರಗಿನ ಒಂದು ಸಂಸ್ಥೆ ನಮ್ಮ ಕಂಪನಿಯ ಜೊತೆ ಸೇರಿತು. ನಿಂಬರ್ಗಾ, ಅಫಜಲಪುರ ತಾಲೂಕಿನ ಹವಳಗಾ, ಜೇವರ್ಗಿ ಕಡೆಯ ಇಜೇರಿ, ಹೀಗೆ ಆಯ್ದ ಊರುಗಳಲ್ಲಿ ಐದೈದು ಜನರ ಮಾಳಿಗೆಯ ಮೇಲೆ ಮಳೆಮಾಪಕ ಇಡುವುದು, ಅವರು ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಮಳೆಯ ಅಳತೆ ಕಳಿಸುವುದು ಎಂದಾಯಿತು. ಆ ಜನರಿಗೆ ವ್ಯಾಲಿಡೇಟರು ಎಂದು ಹೆಸರು; ನಿಂಬರ್ಗಾದ ಐವರಲ್ಲಿ ಇವರೂ ಒಬ್ಬರು. ಅವರೆಲ್ಲ ಸೇರಿದ ಜಾಲಕ್ಕೆ ಒರಾಕಲ್.

ಅದನ್ನು ವಿವರಿಸಲು ಬಂದ ಇಂಜಿನಿಯರ್ ಹುಡುಗಿ ಪಾಪ ಒಳ್ಳೆಯವಳು. ಆದರೆ ಅವಳ ಮಾತು ನಮಗೆ ಕಬ್ಬಿಣದ ಕಡಲೆಯಾಗಿತ್ತು. ಹವಳಗಾದಿಂದ ಬಂದವರು ಫ್ಯಾನು ನೋಡುತ್ತಿದ್ದರು, ಇಜೇರಿಯವರು ಊಟ ಎಷ್ಟೊತ್ತಿಗೆ ಎಂದು ನನಗೆ ಸನ್ನೆ ಮಾಡುತ್ತಿದ್ದರು. ಕಡೆಗೆ ಬಾಗಿಲಲ್ಲಿ ಓರೆಯಾಗಿ ನಿಂತಿದ್ದ ಇವರು ಕೆಮ್ಮಿದರು.

"ಇದು ನಮ್ಮ ಕೋರ್ಟೇ ಅದಲ್ರಿ" ಎಂದರು. "ಈ ಕಾಂಟ್ರಾಕ್ಟ್ ಅನ್ನೋದು ಸಾಹೇಬ್ರು. ಸಾಹೇಬ್ರು ಕುರ್ಚಿ ಬಿಟ್ಟು ಹೊಲಕ್ಕ ಬರಂಗಿಲ್ಲ, ಮಳಿ ನೋಡಂಗಿಲ್ಲ. ನೋಡಿದ ಐದು ಮಂದಿ ಸಾಕ್ಷಿ ಹೇಳಬೇಕು. ಸುಳ್ಳು ಹೇಳಿದ್ರ ಜಾಮೀನು ಜಪ್ತಿ. ಕರದಾಗ ಬರಲಿಲ್ಲ ಅಂದ್ರ ಗೈರು."

ಹುಡುಗಿ ಕಣ್ಣರಳಿಸಿ, ಹೌದು, ಹಾಗೇ ಎಂದಳು. ಅಲ್ಲಿಂದ ಮುಂದೆ ಪಾಠ ಸಲೀಸಾಯಿತು. ಸ್ಮಾರ್ಟ್ ಕಾಂಟ್ರಾಕ್ಟ್ ಎಂದರೆ ನೂರಾರು ಕಂಪ್ಯೂಟರುಗಳಲ್ಲಿ ಒಂದೇ ಪ್ರಕಾರ ಬರೆದಿಟ್ಟ ಕಟ್ಟಳೆ, ತಾನೇ ನಡೆಯುತ್ತದೆ. ಪ್ರತಿಯೊಬ್ಬ ವ್ಯಾಲಿಡೇಟರೂ ಅದರ ಹತ್ತಿರ ಒಂದಿಷ್ಟು ಹಣ ಜಾಮೀನು ಇಡಬೇಕು. ಬೆಳಿಗ್ಗೆ ಅದು ಎಲ್ಲರನ್ನೂ ಕೇಳುತ್ತದೆ. ಮೊದಲು ಎಲ್ಲರೂ ತಮ್ಮ ಅಳತೆಯನ್ನು ಮುಚ್ಚಿದ ಲಕೋಟೆಯ ಹಾಗೆ ಕಳಿಸಬೇಕು, ಆಮೇಲೆ ಒಟ್ಟಿಗೆ ಬಿಚ್ಚಬೇಕು. ಇದರಿಂದ ಒಬ್ಬರದು ನೋಡಿ ಇನ್ನೊಬ್ಬರು ಬರೆಯುವಂತಿಲ್ಲ. ಐದರಲ್ಲಿ ನಡುವಿನದು ಯಾವುದೋ ಅದೇ ಆ ಊರಿನ ಮಳೆ, ವಿಮೆಯ ಹಣವೂ ಅದರ ಮೇಲೆಯೇ. ಅದರಿಂದ ತೀರಾ ದೂರ ಇದ್ದವರ ಜಾಮೀನಿನಲ್ಲಿ ಕಡಿತ. ಸತತ ಮೂರು ಬೆಳಗು ಉತ್ತರ ಕೊಡದವರು ಗೈರು ಎಂದು ಬರೆಸಿಕೊಂಡು, ಜಾಮೀನು ಕಳೆದುಕೊಂಡು ಹೊರಗೆ ಹೋಗುತ್ತಾರೆ, ಸರದಿಯಲ್ಲಿ ಕಾದವರು ಒಳಗೆ ಬರುತ್ತಾರೆ.

ನಿಮ್ಮ ಕೋರ್ಟಿಗೂ ಇದಕ್ಕೂ ಒಂದೇ ವ್ಯತ್ಯಾಸ ಎಂದು ಹುಡುಗಿ ಕಡೆಗೆ ಹೇಳಿದಳು. ಈ ಸಾಹೇಬರಿಗೆ ವಶೀಲಿ ನಡೆಯುವುದಿಲ್ಲ. ಕಟ್ಟಳೆಯನ್ನು ಯಾರೂ, ಬರೆದ ನಾವೂ, ತಿದ್ದಲಾರೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಇಷ್ಟು ಚಂದ ಅರ್ಥ ಮಾಡಿಕೊಂಡವರು ಮೊದಲ ದಿನವೇ ಗೈರಾದರು. ಬೆಳಿಗ್ಗೆ ಜಳಕ, ಪೂಜೆ ಮುಗಿಸಿ, ಟೊಪ್ಪಿಗೆ ಹಾಕಿಕೊಂಡು, ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ಮೊಬೈಲು ಟಿಣ್ ಎಂದಿತು. ಇವರು ಕದಲಲಿಲ್ಲ. ಮತ್ತೆ ಟಿಣ್ ಎಂದಿತು. ಹೊತ್ತು ಮೀರಿತು. ನಾನು ಫೋನು ಮಾಡಿ ದಬಾಯಿಸಿದರೆ, ಟಿಣ್ ಅಂದರೆ ಯಾರನ್ನು ಕರೆದಂಗಾಯ್ತು, ಹೆಸರು ಹಿಡಿದು ಕರೆಯದೆ ನಾನು ಎದ್ದು ನಿಲ್ಲುವುದು ಹೇಗೆ ಎಂದು ನನ್ನನ್ನೇ ಕೇಳಿದರು. ಆಯುಷ್ಯವೆಲ್ಲ ಹೆಸರಿನ ಮೇಲೆ ಬದುಕಿದ ಮನುಷ್ಯನಿಗೆ ಏನು ಹೇಳುವುದು? ಆದರೆ ಫೋನಿಡುವ ಮುನ್ನ ಅವರ ದನಿ ಸಣ್ಣದಾಯಿತು. "ಅಕ್ಕೋರ, ನನ್ನ ಹೆಸರಿನ ಮುಂದ ಗೈರು ಅಂತ ಬಂತೇನ್ರಿ?" ಒಂದೇ ದಿನದ್ದು, ಹೊರಗೆ ಹಾಕುವುದಿಲ್ಲ ಬಿಡಿ ಎಂದೆ. "ಮಂದಿ ಹೆಸರಿನ ಮುಂದ ಭಾಳ ಬರಿಸೀನ್ರಿ. ನನ್ನ ಮುಂದ ಬರಬಾರ್ದು" ಎಂದರು.

ಅವರ ಮಗಳು ಅದೇ ಊರಿನಲ್ಲಿ ಅಂಗನವಾಡಿ ನಡೆಸುತ್ತಾಳೆ, ತಂದೆಯ ಜೊತೆಗೇ ಇದ್ದಳು. ಅವಳು ಉಪಾಯ ಮಾಡಿದಳು. ಟಿಣ್ ಎನ್ನುವ ಜಾಗಕ್ಕೆ ತಂದೆಯ ದನಿಯಲ್ಲೇ ತಂದೆಯ ಹೆಸರನ್ನು ಮೊಬೈಲಿಗೆ ತುಂಬಿಸಿದಳು. ಅವರು ಎದ್ದು ನಿಂತು, ಎಡಗೈ ಕಿವಿಗೆ ಹಚ್ಚಿ, ತಮ್ಮ ಹೆಸರನ್ನು ತಾವೇ ಕೂಗಿದರಂತೆ. ಮೂರು ಸಲ ಬಿರುಸಾಗಿ, ತಡೆದು, ಎಳೆದು ಮತ್ತೊಂದು ಸಲ. ಮರುದಿನದಿಂದ ನಿಂಬರ್ಗಾದ ಆ ಓಣಿ ಬೆಳಿಗ್ಗೆ ಆ ಕೂಗಿಗೇ ಏಳತೊಡಗಿತು. ಕೂಗು ಮುಗಿಯುತ್ತಲೇ ಇವರು ಕಟ್ಟೆಯಿಂದ "ಓ" ಎನ್ನುವರು, ಮಳೆ ಎಷ್ಟೆಂದು ಒತ್ತುವರು. ಆಮೇಲೆ ಅವರು ಒಂದು ಬೆಳಗನ್ನೂ ತಪ್ಪಿಸಲಿಲ್ಲ.

ಇವರನ್ನು ದೇವರಂಥವರು ಎಂದು ನಾನು ಹೇಳಲಾರೆ. ಹಟ ಹಿಡಿದರೆ ಕತ್ತೆಗೆ ಸಮ. ಒಂದು ಮಳೆಗಾಲದಲ್ಲಿ ಇವರ ಅಳತೆ ಉಳಿದ ನಾಲ್ವರಿಗಿಂತ ಬಹಳ ಹೆಚ್ಚು ಬರತೊಡಗಿತು, ಕಾಂಟ್ರಾಕ್ಟು ಜಾಮೀನು ಕಡಿಯಿತು. ನಾಲ್ವರೂ ಕೂಡಿ ಮಾತಾಡಿಕೊಂಡಿದ್ದಾರೆ ಎಂದು ಇವರು ಆಫೀಸಿಗೆ ಬಂದು ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವ ಹಾಗೆ ಆರೋಪ ಹೊರಿಸಿದರು. ನಾನೇ ನಿಂಬರ್ಗಾಕ್ಕೆ ಹೋಗಿ ಮಾಳಿಗೆ ಹತ್ತಿ ನೋಡಿದೆ. ನೆರಮನೆಯವರು ಹೊಸದಾಗಿ ಹಾಕಿಸಿದ ತಗಡಿನ ಅಂಚಿನಿಂದ ನೀರು ಸಿಡಿದು ನೇರವಾಗಿ ಇವರ ಮಳೆಮಾಪಕಕ್ಕೆ ಬೀಳುತ್ತಿತ್ತು. ತೋರಿಸಿದೆ. ಅವರು ತಗಡಿನ ಅಂಚನ್ನು ಕೈಯಿಂದ ಮುಟ್ಟಿ ನೋಡಿದರು. ಆಮೇಲೆ ಆ ನಾಲ್ವರ ಮನೆಗೂ ಹೋಗಿ, ಹೊಸ್ತಿಲ ಮೇಲೆ ನಿಂತು, ಸಾಹೇಬ್ರು ಮಾಡಿದ್ದು ಸರಿ, ನನ್ನದು ತಪ್ಪು ಎಂದು ಹೇಳಿ ಬಂದರು. ಅದೂ ಓಣಿಗೆಲ್ಲ ಕೇಳುವ ಹಾಗೆಯೇ.

ಗಂಟಲಿನ ಬೇನೆ ಮೊದಲು ಕೆಮ್ಮಾಗಿ ಬಂತು. ತಂಬಾಕಿನ ಚಟ ಹಳೆಯದು. ಕೋರ್ಟಿನ ಬಾಗಿಲಲ್ಲಿ ನಿಂತು ನಿಂತು ಹತ್ತಿದ್ದು ಎನ್ನುತ್ತಿದ್ದರು. ಕಲಬುರಗಿಯಲ್ಲಿ ತೋರಿಸಿ ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದಾಗ ಗಂಟಲಲ್ಲಿ ಒಂದು ತೂತು ಇತ್ತು, ದನಿ ಇರಲಿಲ್ಲ. ನೋಡಲು ಹೋದ ನಾನು ಮಳೆಯ ವಿಷಯ ತೆಗೆದೆ. ಮಗಳು ಅಂಗನವಾಡಿಯ ಮಕ್ಕಳ ಪಾಟಿಯೊಂದನ್ನು ಅವರ ಕೈಗೆ ಕೊಟ್ಟಿದ್ದಳು. ಅವರು ಬಳಪ ಹಿಡಿದು ನಿಧಾನವಾಗಿ ಬರೆದರು: ಇಲ್ಲಿ ಗಂಟಲ ಬೇಕಾಗಿಲ್ಲ.

ಇಲ್ಲಿ ಎಂದರೆ ಜಾಲದಲ್ಲಿ. ಬೆಳಿಗ್ಗೆ ಮೊಬೈಲು ಅವರ ಹಳೆಯ ದನಿಯಲ್ಲಿ ಅವರನ್ನು ಕರೆಯುತ್ತಿತ್ತು. ಮಗಳು ಮಾಳಿಗೆ ಹತ್ತಿ ಅಳತೆ ನೋಡಿ ಬಂದು ಹೇಳುತ್ತಿದ್ದಳು. ಅವರು ತುಟಿ ದುಂಡಗೆ ಮಾಡಿ ಸದ್ದಿಲ್ಲದ ಒಂದು ಓ ಎಂದು, ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಅದನ್ನು ಒಮ್ಮೆ ನೋಡಿ ನಾನು ಎದ್ದು ಹೊರಗೆ ಬಂದುಬಿಟ್ಟೆ. ನನಗೆ ಅಳು ಬಂದಿತ್ತು.

ಬೇನೆ ಮತ್ತೆ ಮರಳಿತು. ಇನ್ನು ಹೆಚ್ಚು ದಿನ ಇಲ್ಲ ಎಂದು ವೈದ್ಯರು ಹೇಳಿದ ಮೇಲೆ ಅವರು ನನ್ನನ್ನು ಕರೆಸಿ, ಜಾಲದಿಂದ ಬಿಡುಗಡೆ ಬೇಕೆಂದು ಪಾಟಿಯ ಮೇಲೆ ಬರೆದರು. ಜಾಮೀನಿನ ಆಸೆ ಅವರಿಗಿರಲಿಲ್ಲ. ಕಡೆಗೆ ತಮ್ಮ ಹೆಸರಿನ ಮುಂದೆ ಬಿಡುಗಡೆ ಎಂದು ಬರಬೇಕು, ಗೈರು ಎಂದಲ್ಲ, ಇಷ್ಟೇ ಅವರಿಗೆ ಬೇಕಾದದ್ದು. ಅದಕ್ಕೆ ಕಟ್ಟಳೆಯಲ್ಲಿ ದಾರಿಯಿತ್ತು. ಬಿಡುಗಡೆ ಕೇಳಿದವರು ಕೆಲವು ವಾರ ಕಾಯಬೇಕು, ಆ ವಾರಗಳಲ್ಲಿಯೂ ದಿನಾ ಉತ್ತರ ಕೊಡುತ್ತಿರಬೇಕು. ಸುಳ್ಳು ಹೇಳಿದವನು ಅದು ಬಯಲಾಗುವ ಮುನ್ನ ಜಾಮೀನು ತೆಗೆದುಕೊಂಡು ಓಡಿಹೋಗಬಾರದು ಎಂದು ಈ ಏರ್ಪಾಡು. ಸರಿಯಾದದ್ದೇ ಎಂದು ತಲೆಯಾಡಿಸಿ ಅವರು ಅರ್ಜಿ ಒತ್ತಿದರು. ಅಲ್ಲಿಂದ ಅವರಿಗೂ ಆ ಕೆಲವು ವಾರಗಳಿಗೂ ಓಟ ಶುರುವಾಯಿತು.

ಅವರು ಸೋಲುತ್ತಾರೆಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ನಾನು ಇಂಜಿನಿಯರ್ ಹುಡುಗಿಗೆ ಫೋನು ಮಾಡಿ, ಮನುಷ್ಯ ಸಾಯುತ್ತಿದ್ದಾನೆ, ಸ್ವಲ್ಪ ಮುಂಚೆ ಬಿಡಿಸಿಕೊಡು ಎಂದು ಗೋಗರೆದೆ. ನಮ್ಮ ಕೈಯಲ್ಲೇ ಇಲ್ಲ ಎಂದಳು. ಉತ್ತರ ಬಂತೋ ಇಲ್ಲವೋ, ಕಾಂಟ್ರಾಕ್ಟಿಗೆ ತಿಳಿಯುವುದು ಅಷ್ಟೇ. ಯಾಕೆ ಬರಲಿಲ್ಲ ಎಂದು ಅದು ಕೇಳುವುದಿಲ್ಲ. ಮಳೆಯ ಸುದ್ದಿ ಹೇಳಲು ಅದಕ್ಕೆ ಊರಿಗೆ ಐವರಿದ್ದಾರೆ, ಸಾವಿನ ಸುದ್ದಿ ಹೇಳಲು ಒಬ್ಬರೂ ಇಲ್ಲ. ಅವಳ ದನಿಯೂ ಒಡೆದಿತ್ತು. ನಾನು ಅವಳ ಮೇಲೆ ಸುಮ್ಮನೆ ರೇಗಿದೆ. ಅವತ್ತು ಚಪ್ಪಾಳೆ ತಟ್ಟಿದ್ದು ನೆನಪಾಗಿ ನನ್ನ ಮೇಲೂ ಸಿಟ್ಟು ಬಂತು.

ಆಗ ಮಗಳು ಒಂದು ಮಾತು ತೆಗೆದಳು. ತಂದೆಯ ಎದುರಿಗೇ, ಏನೂ ಮುಚ್ಚಿಡದೆ.

"ಅಕ್ಕಾ, ಮೊಬೈಲ್ ನನ್ನ ಕೈಯಾಗೇ ಅದ, ಅದರ ಗುಪ್ತ ಅಂಕಿನೂ ನನಗ ಗೊತ್ತದ. ದಿನಾ ಮಳಿ ನೋಡಾಕತ್ತಕಿನೂ ನಾನೇ. ಅಪ್ಪ ಹೋದ ಮ್ಯಾಲೂ ಉಳಿದ ದಿನ ನಾನೇ ಒತ್ತತೀನಿ. ಖರೇ ಅಳತೀನೇ ಒತ್ತತೀನಿ."

ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಅಳತೆ ನಿಜ, ಊರಿಗೆ ಮೋಸವಿಲ್ಲ, ಮುದುಕರ ಆಸೆಯೂ ತೀರುತ್ತದೆ. ಹಾಗೆಂದು ನಾನೂ ಹೇಳಿದೆ. ಅವರು ಪಾಟಿ ಕೇಳಿದರು. ಬರೆದ ಅಕ್ಷರ ಡೊಂಕಾಗಿದ್ದವು.

ಮಳಿ ಖರೇ. ಓ ಅಂದವ ಸುಳ್ಳು.

ಮಗಳಿಗೆ ಅದು ಅರ್ಥವಾಗಲಿಲ್ಲ, ನನಗೆ ಆಯಿತು. ಗಂಟಲು ಗಟ್ಟಿಯಿದ್ದ ಕಾಲದಲ್ಲಿ ಒಮ್ಮೆ ಅವರು ನನಗೆ ಒಂದು ಕತೆ ಹೇಳಿದ್ದರು. ಒಂದು ದಿನ ಅವರ ಕೈಗೆ ಬಂದ ಪಟ್ಟಿಯಲ್ಲಿ ತಮಗೆ ಗೊತ್ತಿದ್ದ ಒಬ್ಬನ ಹೆಸರಿತ್ತು. ಅವನು ತೀರಿಹೋಗಿದ್ದ, ಇವರೇ ಮಣ್ಣಿಗೆ ಹೋಗಿ ಬಂದಿದ್ದರು. ಆದರೆ ಸತ್ತ ಸುದ್ದಿ ಇನ್ನೂ ಕಾಗದಕ್ಕೆ ಏರಿರಲಿಲ್ಲ. ಕಾಗದದಲ್ಲಿದ್ದ ಮೇಲೆ ಕೂಗಲೇಬೇಕು, ಕೂಗಿದರು. ಮೂರನೆಯ ಕೂಗಿಗೆ ಅಂಗಳದಲ್ಲಿ ನಿಂತಿದ್ದ ಅವನ ಹೆಂಡತಿ, ಎಲ್ಲಿ ದಾವೆ ಮುಳುಗಿ ಹೋಗುತ್ತದೋ ಎಂಬ ಹೆದರಿಕೆಯಲ್ಲಿ, ಸೆರಗು ಬಾಯಿಗೆ ಅಡ್ಡ ಹಿಡಿದು ಗಂಡು ದನಿ ಮಾಡಿ "ಓ" ಎಂದಳು. ಕೋರ್ಟಿಗೆ ಕೋರ್ಟೇ ನಕ್ಕಿತು. ಇವರು ಮಾತ್ರ ಅವತ್ತು ನಾಲ್ಕನೆಯದನ್ನು ಕೂಗಲಿಲ್ಲ. ಅಕ್ಕೋರ, ಓ ಅನ್ನಲಾರದವ್ರ ಹೆಸರು ಕೂಗಬಾರ್ದು, ಅವ್ರ ಪರವಾಗಿ ಇನ್ನೊಬ್ರು ಓ ಅನಬಾರ್ದು, ಅಷ್ಟು ಕೆಟ್ಟದ್ದು ಇನ್ನೊಂದಿಲ್ಲ ಎಂದು ಹೇಳಿದ್ದರು.

ಮಗಳು ಒಪ್ಪಲಿಲ್ಲ. ಗೈರು ಅಂತ ಬರ್ತದಲ್ಲಪ್ಪಾ ಎಂದು ಅತ್ತಳು. ಅವರು ಪಾಟಿಯನ್ನು ಅಂಗೈಯಿಂದ ಒರೆಸಿ ಮತ್ತೆ ಬರೆದರು: ಬರಲಿ. ಆ ಮೂರು ಅಕ್ಷರ ಬರೆಯಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನಾನು ನೋಡಿದ್ದೇನೆ. ಬೇನೆಯ ಕಷ್ಟವಷ್ಟೇ ಆಗಿರಲಿಲ್ಲ ಅದು.

ಅವರು ಒಂದು ಬೆಳಿಗ್ಗೆ ಮೊಬೈಲಿಗೆ ಉತ್ತರ ಕೊಟ್ಟು, ಮಧ್ಯಾಹ್ನ ತೀರಿಕೊಂಡರು. ಬಿಡುಗಡೆಗೆ ಇನ್ನು ಕೆಲವೇ ದಿನ ಬಾಕಿಯಿತ್ತು. ಊರವರು ವಿಭೂತಿ ಹಚ್ಚಿ, ಕೂಡಿಸಿ, ಭಜನೆ ಮಾಡಿದರು. ಮರುದಿನ ಬೆಳಿಗ್ಗೆ, ಮಣ್ಣಿಗೆ ಒಯ್ಯುವ ಮುನ್ನ, ಗೂಡಿನಲ್ಲಿದ್ದ ಮೊಬೈಲು ಕೂಗಿತು. ಅವರದೇ ದನಿ, ಅವರದೇ ಹೆಸರು. ಮೂರು ಸಲ ಬಿರುಸಾಗಿ, ತಡೆದು, ಎಳೆದು ನಾಲ್ಕನೆಯದು. ಭಜನೆ ನಿಂತುಹೋಯಿತು. ಗೋಡೆಗೆ ಒರಗಿ ಕುಳಿತ ಅವರ ಮುಖದ ಕಡೆ ಎಲ್ಲರೂ ನೋಡಿದರು. ಟೊಪ್ಪಿಗೆ ಇಲ್ಲದ ಆ ಹಣೆಯ ಮೇಲೆ ವಿಭೂತಿಯ ಮೂರೂ ಗೆರೆ ಕಾಣುತ್ತಿದ್ದವು. ಯಾರೋ ಮೊಬೈಲು ಬಂದ್ ಮಾಡಲು ಹೋದರೆ, ಬ್ಯಾಡ್ರಿ, ಅದರ ಕೆಲಸ ಅದು ಮಾಡಲಿ ಎಂದಳು ಮಗಳು.

ಅದರ ಮರುದಿನವೂ ಕೂಗಿತು. ಮೂರನೆಯ ಬೆಳಿಗ್ಗೆ ನಾನು ನಿಂಬರ್ಗಾದಲ್ಲೇ ಇದ್ದೆ. ಮಗಳು ಯಾರೂ ಹೇಳದೆ ಮಾಳಿಗೆ ಹತ್ತಿ ಮಳೆಮಾಪಕ ನೋಡಿ ಇಳಿದು ಬಂದಳು. ಮಳೆಯಿರಲಿಲ್ಲ. ಒತ್ತಬೇಕಾದದ್ದು ಬರೀ ಒಂದು ಸೊನ್ನೆ. ಮೊಬೈಲು ಅವಳ ಅಂಗೈಯಲ್ಲೇ ಕೂಗಿತು. ಅವಳ ತುಟಿ ದುಂಡಗಾಯಿತು. ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು, ಓ ಹೊರಗೆ ಬರದ ಹಾಗೆ. ನಾಲ್ಕನೆಯದೂ ಮುಗಿಯಿತು. ಹೊತ್ತು ಮೀರಿತು.

ಪರದೆಯ ಮೇಲೆ ಅವರ ಹೆಸರಿನ ಮುಂದೆ ಗೈರು ಎಂದು ಮೂಡಿತು. ಜಾಮೀನು ಜಪ್ತಿಯಾಯಿತು, ಸರದಿಯಲ್ಲಿದ್ದ ಇನ್ನೊಬ್ಬರ ಹೆಸರು ಅವರ ಜಾಗಕ್ಕೆ ಬಂತು. ನೂರಾರು ಕಂಪ್ಯೂಟರುಗಳಲ್ಲಿ ಅದು ಈಗ ಒಂದೇ ಪ್ರಕಾರ ಬರೆದಿದೆ, ಯಾರೂ ತಿದ್ದಲಾರರು. ಬೇರೆಯವರು ತಮ್ಮ ಪರವಾಗಿ ಸುಳ್ಳು ಹೇಳಬಾರದೆಂದ ಮನುಷ್ಯನ ಬಗ್ಗೆ ಉಳಿದದ್ದು ಈ ಒಂದು ಸುಳ್ಳು. ಅವರು ಗೈರಾಗಿರಲಿಲ್ಲ, ಸತ್ತಿದ್ದರು.

ಆಳಂದಕ್ಕೆ ಮರಳಿದ ದಿನ ನಾನು ಆಫೀಸಿನ ಬಾಗಿಲಲ್ಲಿ, ಅವರು ನಿಲ್ಲುತ್ತಿದ್ದ ಜಾಗದಲ್ಲಿ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತೆ. ಕಾಂಟ್ರಾಕ್ಟು ಮೂರು ಬೆಳಗು ಕರೆದು ಕೈಬಿಟ್ಟಿತ್ತು. ನಾಲ್ಕನೆಯದನ್ನಾದರೂ ನಾನು ಕೂಗಬೇಕು ಅನ್ನಿಸಿತು. ಕೈ ತಾನಾಗಿ ಕಿವಿಗೆ ಹೋಯಿತು, ಹೆಸರು ಬಾಯಿಯ ತನಕ ಬಂತು. ಅಲ್ಲಿಗೆ ನಿಲ್ಲಿಸಿದೆ.

ಈ ಬರಹದಲ್ಲಿ ಎಲ್ಲಿಯೂ ಅವರ ಹೆಸರಿಲ್ಲ. ಬರೆದರೆ ಓದುವವರು ಅದನ್ನು ಒಮ್ಮೆಯಾದರೂ ಬಾಯಲ್ಲಿ ಅಂದುಕೊಳ್ಳುತ್ತಾರೆ, ಕಾಕಾ ಓ ಅನ್ನಲಾರರು.